ಬಸಿರಿನಲ್ಲಿ ಹಣ್ಣು: ಯಾವುದು, ಎಷ್ಟು, ಹೇಗೆ ತಿನ್ನಬೇಕು?

ಬಸಿರು ಎಂದು ಗೊತ್ತಾದ ದಿನದಿಂದಲೇ ಊಟತಿಂಡಿಯ ಬಗ್ಗೆ ಸಲಹೆಗಳು ಶುರುವಾಗುತ್ತವೆ. ಹಣ್ಣಿನ ವಿಷಯದಲ್ಲಂತೂ ಕೇಳುವುದೇ ಬೇಡ. ಇದನ್ನು ಮುಟ್ಟಬೇಡ, ಅದನ್ನು ಮೂಸಿಯೂ ನೋಡಬೇಡ, ಇದೊಂದನ್ನು ಮಾತ್ರ ದಿನಾ ತಿನ್ನು ಅಂತ ಒಬ್ಬೊಬ್ಬರದು ಒಂದೊಂದು ಮಾತು. ಎಲ್ಲರ ಮಾತನ್ನೂ ಪಾಲಿಸಲು ಹೊರಟರೆ ತಿನ್ನಲು ಹಣ್ಣೇ ಉಳಿಯುವುದಿಲ್ಲ. ಪಾಪ, ಎಷ್ಟೋ ಹೆಣ್ಣುಮಕ್ಕಳು ಇದೇ ಭಯದಲ್ಲಿ ಹಣ್ಣಿನ ಬುಟ್ಟಿಯನ್ನೇ ದೂರ ಇಟ್ಟುಬಿಡುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ. ನಾವು ದಿನಾ ತಿನ್ನುವ ಹಣ್ಣುಗಳಲ್ಲಿ ಬಹುತೇಕ ಎಲ್ಲವೂ ಬಸುರಿಗೆ ಒಳ್ಳೆಯವೇ. ನಿಜವಾದ ತೊಂದರೆ ಬರುವ ದಾರಿ ಬೇರೆ. ಸರಿಯಾಗಿ ತೊಳೆಯದೆ ತಿಂದಾಗ, ಕತ್ತರಿಸಿ ಗಂಟೆಗಟ್ಟಲೆ ಹೊರಗಿಟ್ಟಾಗ, ಹಿಂಡಿ ಲೋಟಗಟ್ಟಲೆ ಜ್ಯೂಸ್ ಕುಡಿದಾಗ ತೊಂದರೆ ಬರುತ್ತದೆ. ಹಾಗಾಗಿ ಹಣ್ಣಿನ ಹೆಸರಿಗಿಂತ ಅದನ್ನು ತಿನ್ನುವ ರೀತಿಗೆ ಜಾಸ್ತಿ ಗಮನ ಕೊಡಿ. ಅದು ಹೇಗೆ ಅಂತ ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ದಿನಕ್ಕೆ ಎಷ್ಟು ಅಂತ ಗೊತ್ತು ಮಾಡಿಕೊಳ್ಳಿ

ದೊಡ್ಡವರು ದಿನಕ್ಕೆ ಹಣ್ಣು, ತರಕಾರಿ ಎರಡೂ ಸೇರಿ ಕನಿಷ್ಠ 400 ಗ್ರಾಂ ತಿನ್ನಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 80 ಗ್ರಾಂ ಒಂದು ಪಾಲು ಅಂತ ಹಿಡಿದರೆ ಐದು ಪಾಲು ಆಯಿತು. ಬಸುರಿಗೂ ಇದೇ ಲೆಕ್ಕ ಸಾಕು. ಇದರಲ್ಲಿ ಎರಡು ಮೂರು ಪಾಲು ಹಣ್ಣಿಗೆ ಇರಲಿ, ಉಳಿದದ್ದು ತರಕಾರಿ ಮತ್ತು ಸೊಪ್ಪಿಗೆ. ಸಕ್ಕರೆ ಕಾಯಿಲೆ ಇಲ್ಲದಿದ್ದರೆ, ಹಸಿವೂ ಇದ್ದರೆ, ನಾಲ್ಕನೇ ಪಾಲು ಹಣ್ಣು ತಿಂದರೂ ತಪ್ಪಿಲ್ಲ.

ತಕ್ಕಡಿ ಹಿಡಿದು ಕೂರಬೇಕಿಲ್ಲ. ಮಧ್ಯಮ ಗಾತ್ರದ ಒಂದು ಸೇಬು, ಒಂದು ಕಿತ್ತಳೆ ಅಥವಾ ಒಂದು ಬಾಳೆಹಣ್ಣು ಒಂದು ಪಾಲು. ಬೊಗಸೆಯಲ್ಲ, ಒಂದು ಹಿಡಿ ದ್ರಾಕ್ಷಿ ಒಂದು ಪಾಲು. ಕಲ್ಲಂಗಡಿ, ಕರಬೂಜ, ಪಪ್ಪಾಯದಂಥ ದೊಡ್ಡ ಹಣ್ಣಾದರೆ ಒಂದು ದಪ್ಪ ಹೋಳು. ಒಣ ಹಣ್ಣಿನಲ್ಲಿ ನೀರು ಕಡಿಮೆ, ಸಿಹಿ ಗಟ್ಟಿಯಾಗಿರುತ್ತದೆ. ಹಾಗಾಗಿ ಅದರಲ್ಲಿ 30 ಗ್ರಾಂ ಆದರೆ ಸಾಕು.

‘ಇಬ್ಬರ ಊಟ ಮಾಡಬೇಕು’ ಅನ್ನುವ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ. ಮೊದಲ ಮೂರು ತಿಂಗಳು ಹೆಚ್ಚುವರಿ ಊಟವೇ ಬೇಕಿಲ್ಲ. ನಾಲ್ಕರಿಂದ ಆರನೇ ತಿಂಗಳವರೆಗೆ ದಿನಕ್ಕೆ ಸುಮಾರು 340 ಕ್ಯಾಲೊರಿ ಜಾಸ್ತಿ ಬೇಕು, ಕೊನೆಯ ಮೂರು ತಿಂಗಳಲ್ಲಿ ಸುಮಾರು 450. ಒಂದು ಬಾಳೆಹಣ್ಣು, ಒಂದು ಬಟ್ಟಲು ಮೊಸರು, ಒಂದು ಸಣ್ಣ ಹಿಡಿ ಕಡಲೆಬೀಜ ತಿಂದರೆ ಆ 340 ಹತ್ತಿರ ಹತ್ತಿರ ಬಂದುಬಿಡುತ್ತದೆ. ಅಷ್ಟೇ.

ಇನ್ನೊಂದು ಮಾತು. ದಿನಾ ಒಂದೇ ಹಣ್ಣು ಬೇಡ. ಕಿತ್ತಳೆಯಲ್ಲಿ ಇರುವುದು ಬಾಳೆಹಣ್ಣಿನಲ್ಲಿ ಇಲ್ಲ, ಬಾಳೆಹಣ್ಣಿನಲ್ಲಿ ಇರುವುದು ಮಾವಿನಲ್ಲಿ ಅಷ್ಟಿಲ್ಲ. ವಾರದಲ್ಲಿ ನಾಲ್ಕೈದು ಬಗೆಯ ಹಣ್ಣು ತಟ್ಟೆಗೆ ಬಂದರೆ ಲೆಕ್ಕ ತಾನಾಗಿ ಸರಿಹೋಗುತ್ತದೆ. ದುಬಾರಿ ಹಣ್ಣೇ ಬೇಕು ಅಂತಲೂ ಇಲ್ಲ. ನಿಮ್ಮ ಹತ್ತಿರ ಆಯಾ ಕಾಲಕ್ಕೆ ಸಿಗುವ ತಾಜಾ ಹಣ್ಣೇ ಸಾಕು.

ಹೆಜ್ಜೆ 2: ಹಣ್ಣಿನಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ?

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ತಪ್ಪು ತಿಳಿವಳಿಕೆ ಜಾಸ್ತಿ ಇರುವುದು ಇಲ್ಲೇ.

ಮೊದಲು ಫೋಲೇಟ್ ಅನ್ನುವ ವಿಟಮಿನ್. ಮಗುವಿನ ಮೆದುಳು ಮತ್ತು ಬೆನ್ನುಹುರಿ ಸರಿಯಾಗಿ ರೂಪುಗೊಳ್ಳಲು ಇದು ಬೇಕೇ ಬೇಕು. ಮುಂದೆ ಮೆದುಳು, ಬೆನ್ನುಹುರಿ ಆಗುವ ನಾಳ ಗರ್ಭ ನಿಂತ ಸುಮಾರು 28 ದಿನಗಳ ಒಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಎಷ್ಟೋ ಜನರಿಗೆ ಬಸಿರು ಅಂತಲೇ ಗೊತ್ತಾಗಿರುವುದಿಲ್ಲ. ಒಂದು ಮಧ್ಯಮ ಕಿತ್ತಳೆಯಲ್ಲಿ ಸುಮಾರು 40 ಮೈಕ್ರೋಗ್ರಾಂ ಫೋಲೇಟ್ ಇದೆ, ಅರ್ಧ ಬೆಣ್ಣೆಹಣ್ಣಿನಲ್ಲಿ (ಆವಕಾಡೊ) ಸುಮಾರು 80. ಫೋಲೇಟ್‌ನ ಮಾತ್ರೆ ರೂಪವಾಗಿ ವೈದ್ಯರು ಕೊಡುವ ಫೋಲಿಕ್ ಆ್ಯಸಿಡ್ ಮಾತ್ರೆಯಲ್ಲಿ ಸಾಮಾನ್ಯವಾಗಿ 400 ಮೈಕ್ರೋಗ್ರಾಂ ಇರುತ್ತದೆ. ಅಂದರೆ, ಹಣ್ಣು ತಿನ್ನುತ್ತಿದ್ದೇನಲ್ಲ ಅಂತ ಮಾತ್ರೆ ಬಿಡುವ ಹಾಗಿಲ್ಲ. ಎರಡೂ ಇರಲಿ. ಮಗು ಬೇಕು ಅಂದುಕೊಂಡಿರುವವರು ಬಸಿರಾಗುವ ಮೊದಲೇ ಮಾತ್ರೆ ಶುರು ಮಾಡುವುದು ಒಳ್ಳೆಯದು.

ಎರಡನೆಯದು ರಕ್ತದ ಮಾತು. ದಾಳಿಂಬೆ ತಿಂದರೆ ರಕ್ತ ಹೆಚ್ಚುತ್ತದೆ, ಖರ್ಜೂರ ತಿಂದರೆ ಹಿಮೋಗ್ಲೋಬಿನ್ ಏರುತ್ತದೆ ಅಂತ ನಾವೆಲ್ಲ ಕೇಳಿದ್ದೇವೆ. ದಾಳಿಂಬೆಯ ಕೆಂಪು ಬಣ್ಣ ನೋಡಿದರೆ ನಂಬಿಕೆಯೂ ಬರುತ್ತದೆ. ಆದರೆ 100 ಗ್ರಾಂ ದಾಳಿಂಬೆ ಕಾಳಿನಲ್ಲಿ ಇರುವ ಕಬ್ಬಿಣಾಂಶ ಸುಮಾರು 0.3 ಮಿಲಿಗ್ರಾಂ. 100 ಗ್ರಾಂ ಖರ್ಜೂರದಲ್ಲಿ ಸುಮಾರು 1 ಮಿಲಿಗ್ರಾಂ. ಬಸುರಿಗೆ ದಿನಕ್ಕೆ ಬೇಕಾದದ್ದು ಸುಮಾರು 27 ಮಿಲಿಗ್ರಾಂ. ಎಷ್ಟು ಹಣ್ಣು ತಿಂದರೆ ಆ ಅಂತರ ತುಂಬುತ್ತದೆ, ನೀವೇ ಯೋಚಿಸಿ. ದಾಳಿಂಬೆ ಒಳ್ಳೆಯ ಹಣ್ಣು, ಖಂಡಿತ ತಿನ್ನಿ. ಆದರೆ ರಕ್ತಹೀನತೆಗೆ ಅದನ್ನೇ ಔಷಧಿ ಮಾಡಿಕೊಂಡು ಕಬ್ಬಿಣದ ಮಾತ್ರೆ ನಿಲ್ಲಿಸಬೇಡಿ. ಹಿಮೋಗ್ಲೋಬಿನ್ ಕಡಿಮೆ ಇದ್ದಾಗ ಹೆರಿಗೆಯಲ್ಲಿ ರಕ್ತ ಹೋದರೆ ತಾಯಿಯ ಜೀವಕ್ಕೇ ಅಪಾಯ. ಈ ವಿಷಯದಲ್ಲಿ ರಾಜಿ ಬೇಡ.

ಹಾಗಾದರೆ ರಕ್ತಕ್ಕೆ ಹಣ್ಣಿನಿಂದ ಏನೂ ಪ್ರಯೋಜನ ಇಲ್ಲವೇ? ಇದೆ, ಆದರೆ ಬೇರೆ ದಾರಿಯಲ್ಲಿ. ಸೊಪ್ಪು, ಬೇಳೆ, ಕಾಳಿನಲ್ಲಿರುವ ಕಬ್ಬಿಣವನ್ನು ನಮ್ಮ ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಹೀರಿಕೊಳ್ಳುವುದು ಹೆಚ್ಚುತ್ತದೆ. ಬಸುರಿಗೆ ದಿನಕ್ಕೆ ಸುಮಾರು 85 ಮಿಲಿಗ್ರಾಂ ವಿಟಮಿನ್ ಸಿ ಬೇಕು. ಒಂದು ಕಿತ್ತಳೆಯಲ್ಲಿ ಸುಮಾರು 70 ಮಿಲಿಗ್ರಾಂ ಇದೆ. 100 ಗ್ರಾಂ ಸೀಬೆಹಣ್ಣಿನಲ್ಲಿ 200ಕ್ಕೂ ಜಾಸ್ತಿ. ಸೀಬೆ ಸುಮ್ನೆ ಮೂಲೆಯಲ್ಲಿ ಕೂರುವ ಹಣ್ಣಲ್ಲ, ಈ ಲೆಕ್ಕದಲ್ಲಿ ಕಿತ್ತಳೆಯನ್ನೂ ಮೀರಿಸುತ್ತದೆ.

ಇದನ್ನು ಮಾಡುವುದು ಸುಲಭ. ಸೊಪ್ಪು, ಕಾಳು ಇರುವ ಊಟ ಮುಗಿಸಿದ ಕೂಡಲೇ ನಾಲ್ಕು ತೊಳೆ ಕಿತ್ತಳೆ ಅಥವಾ ಅರ್ಧ ಸೀಬೆ ತಿನ್ನಿ. ಕಬ್ಬಿಣದ ಮಾತ್ರೆಯನ್ನು ನೀರಿನ ಜೊತೆ ನುಂಗಿ, ಪಕ್ಕದಲ್ಲಿ ಒಂದು ಕಿತ್ತಳೆ ಇಟ್ಟುಕೊಳ್ಳಿ. ಕಾಫಿ, ಟೀ ಇದಕ್ಕೆ ಸರಿ ಉಲ್ಟಾ ಕೆಲಸ ಮಾಡುತ್ತವೆ, ಕಬ್ಬಿಣವನ್ನು ಹಿಡಿದಿಟ್ಟು ಹೊರಗೆ ಕಳಿಸುತ್ತವೆ. ಹಾಲು ಮತ್ತು ಕ್ಯಾಲ್ಸಿಯಂ ಮಾತ್ರೆಯೂ ಅಡ್ಡ ಬರುತ್ತವೆ. ಹಾಗಾಗಿ ಕಬ್ಬಿಣದ ಮಾತ್ರೆಗೂ ಇವುಗಳಿಗೂ ನಡುವೆ ಒಂದೆರಡು ಗಂಟೆ ಬಿಡಿ. ಊಟ ಆದ ತಕ್ಷಣ ಕಾಫಿ ಕುಡಿಯುವ ಅಭ್ಯಾಸ ಇದ್ದರೆ ಆ ಜಾಗಕ್ಕೆ ಹಣ್ಣು ಬರಲಿ, ಕಾಫಿ ಆಮೇಲೆ ಬರಲಿ.

ಮಾವು, ಪಪ್ಪಾಯ, ಕರಬೂಜದಂಥ ಹಳದಿ ಕೇಸರಿ ಹಣ್ಣುಗಳಲ್ಲಿ ಬೀಟಾ ಕ್ಯಾರೋಟಿನ್ ಇದೆ. ದೇಹ ಅದನ್ನು ಬೇಕಾದಷ್ಟೇ ವಿಟಮಿನ್ ಎ ಆಗಿ ಬದಲಿಸಿಕೊಳ್ಳುತ್ತದೆ. ಬಸಿರಿನಲ್ಲಿ ವಿಟಮಿನ್ ಎ ಜಾಸ್ತಿಯಾದರೆ ಮಗುವಿಗೆ ತೊಂದರೆ ಅಂತ ನೀವು ಓದಿರಬಹುದು. ಆ ಎಚ್ಚರಿಕೆ ಪ್ರಾಣಿಗಳ ಯಕೃತ್ತು ಮತ್ತು ಹೆಚ್ಚು ಶಕ್ತಿಯ ಮಾತ್ರೆಗಳಿಗೆ ಸಂಬಂಧಿಸಿದ್ದು, ಮಾವಿನಹಣ್ಣಿಗಲ್ಲ.

ಪ್ರೋಟೀನ್ ಹಣ್ಣಿನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಊಟ ಸೇರದ ದಿನ ಬರೀ ಹಣ್ಣಿನಲ್ಲೇ ಕಳೆದರೆ ನಡೆಯುತ್ತದೆ, ವಾರಗಟ್ಟಲೆ ಹಾಗೇ ಇರಬಾರದು.

ಹೆಜ್ಜೆ 3: ತೊಳೆಯುವುದು, ಕತ್ತರಿಸುವುದು, ಇಡುವುದು

ನನ್ನ ಪ್ರಕಾರ ಇಡೀ ಲೇಖನದಲ್ಲಿ ತುಂಬಾ ಮುಖ್ಯವಾದ ಭಾಗ ಇದು. ಪಪ್ಪಾಯಕ್ಕೆ ಹೆದರುವ ಮನೆಗಳಲ್ಲೂ ಬೆಳಿಗ್ಗೆ ಕತ್ತರಿಸಿಟ್ಟ ಕಲ್ಲಂಗಡಿಯನ್ನು ಸಂಜೆ ಬಸುರಿಗೆ ಕೊಡುತ್ತಾರೆ. ಅಪಾಯದ ಲೆಕ್ಕದಲ್ಲಿ ಇದು ಪೂರ್ತಿ ತಲೆಕೆಳಗು.

ಲಿಸ್ಟೀರಿಯಾ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಮಣ್ಣಿನಲ್ಲಿ, ನೀರಿನಲ್ಲಿ ಇರುತ್ತದೆ. ಬೇರೆ ಬ್ಯಾಕ್ಟೀರಿಯಾಗಳು ಫ್ರಿಜ್ಜಿನ ತಣ್ಣನೆಯಲ್ಲಿ ಹೆಚ್ಚುಕಡಿಮೆ ಸುಮ್ಮನಾದರೆ, ಇದು ಅಲ್ಲೂ ನಿಧಾನವಾಗಿ ಬೆಳೆಯುತ್ತದೆ. ಬಸಿರಿನಲ್ಲಿ ದೇಹದ ರೋಗ ತಡೆಯುವ ಶಕ್ತಿ ಬದಲಾಗುವುದರಿಂದ ಬಸುರಿಯರಿಗೆ ಈ ಸೋಂಕು ತಗಲುವ ಸಾಧ್ಯತೆ ಬೇರೆಯವರಿಗಿಂತ ಸುಮಾರು ಹತ್ತು ಪಟ್ಟು. ತಾಯಿಗೆ ಸಣ್ಣ ಜ್ವರ, ಮೈಕೈ ನೋವು ಅಷ್ಟೇ ಇರಬಹುದು, ಆದರೆ ಸೋಂಕು ಮಗುವಿಗೆ ದಾಟಿದರೆ ಗರ್ಭಪಾತ, ಅವಧಿಗೆ ಮುಂಚಿನ ಹೆರಿಗೆ, ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವುದು ಇವೆಲ್ಲ ಆಗಬಹುದು. 2011ರಲ್ಲಿ ಅಮೆರಿಕದಲ್ಲಿ ಕೊಲೊರಾಡೊದ ಒಂದು ತೋಟದಿಂದ ಬಂದ ಕರಬೂಜದ ಮೂಲಕ ಈ ಸೋಂಕು ಹರಡಿತು. 147 ಜನ ಕಾಯಿಲೆ ಬಿದ್ದರು, 33 ಜನ ತೀರಿಕೊಂಡರು, ಒಬ್ಬ ಬಸುರಿಗೆ ಗರ್ಭಪಾತವಾಯಿತು. ಕರಬೂಜ ಯಾರೂ ಹೆದರುವ ಹಣ್ಣೇ ಅಲ್ಲ, ಅಲ್ವಾ?

ಕರಬೂಜವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಸಿಪ್ಪೆ ಬಲೆ ಬಲೆಯಾಗಿ ಒರಟಾಗಿರುತ್ತದೆ. ಆ ಗೆರೆಗಳ ಸಂದಿಯಲ್ಲಿ ಮಣ್ಣು ಕೂತಿರುತ್ತದೆ, ಕಣ್ಣಿಗೆ ಕಾಣಿಸುವುದಿಲ್ಲ. ತೊಳೆಯದೆ ಚಾಕು ಹಾಕಿದಿರಿ ಅಂದುಕೊಳ್ಳಿ. ಚಾಕು ಸಿಪ್ಪೆ ದಾಟುವಾಗ ಅಲ್ಲಿದ್ದದ್ದನ್ನೆಲ್ಲ ಹೊತ್ತುಕೊಂಡು ತಿರುಳಿನೊಳಗೆ ಇಳಿಯುತ್ತದೆ. ತಿರುಳು ಒದ್ದೆ, ಸಿಹಿ, ಹುಳಿಯೂ ಕಡಿಮೆ. ಬ್ಯಾಕ್ಟೀರಿಯಾಕ್ಕೆ ಇನ್ನೇನು ಬೇಕು? ಅದಕ್ಕೇ ಸಿಪ್ಪೆ ತಿನ್ನದ ಹಣ್ಣನ್ನೂ ತೊಳೆಯಬೇಕು. ಮಾವು, ಕಿತ್ತಳೆ, ಅನಾನಸ್, ಬೆಣ್ಣೆಹಣ್ಣು ಎಲ್ಲಕ್ಕೂ ಇದೇ ನಿಯಮ.

ತೊಳೆಯುವ ಕ್ರಮ ಹೀಗಿರಲಿ:

1. ಮೊದಲು ಕೈಯನ್ನು ಸೋಪು ಹಾಕಿ ತೊಳೆಯಿರಿ. ಚಾಕು, ಕತ್ತರಿಸುವ ಮಣೆಯನ್ನೂ ತೊಳೆಯಿರಿ. ಹಸಿ ಮಾಂಸ, ಮೀನು ಕತ್ತರಿಸಿದ ಮಣೆಯ ಮೇಲೆ ಹಣ್ಣು ಬೇಡ.
2. ಹಣ್ಣನ್ನು ಹರಿಯುವ ನೀರಿನ ಕೆಳಗೆ ಹಿಡಿದು ಕೈಯಿಂದ ಉಜ್ಜಿ. ಕರಬೂಜ, ಸೇಬು, ಸೀಬೆಯಂಥ ಗಟ್ಟಿ ಹಣ್ಣಿಗೆ ಶುಭ್ರವಾದ ಸಣ್ಣ ಬ್ರಷ್ ಬಳಸಿ.
3. ದ್ರಾಕ್ಷಿಯನ್ನು ಗೊಂಚಲಿನಿಂದ ಬಿಡಿಸಿ, ಜರಡಿಯಲ್ಲಿ ಹಾಕಿ ನೀರು ಬಿಡಿ. ತೊಟ್ಟಿನ ಬುಡದಲ್ಲೇ ಕೊಳೆ ಜಾಸ್ತಿ ಇರುತ್ತದೆ.
4. ಶುಭ್ರ ಬಟ್ಟೆಯಿಂದ ಒರೆಸಿ, ಆಮೇಲೆ ಕತ್ತರಿಸಿ. ಕೊಳೆತ, ಜಜ್ಜಿದ ಭಾಗ ಇದ್ದರೆ ತೆಗೆದುಹಾಕಿ.

ಸೋಪು, ಪಾತ್ರೆ ತೊಳೆಯುವ ದ್ರವ ಹಾಕಬೇಡಿ. ಹಣ್ಣಿನ ಸಿಪ್ಪೆ ಅದನ್ನು ಹೀರಿಕೊಳ್ಳಬಹುದು. ಹರಿಯುವ ನೀರು, ಉಜ್ಜುವ ಕೈ ಇವೆರಡೇ ಸಾಕು. ಮಣ್ಣಿನಲ್ಲಿ ಬೆಕ್ಕಿನ ಹೇಸಿಗೆ ಬೆರೆತಿದ್ದರೆ ಟಾಕ್ಸೋಪ್ಲಾಸ್ಮಾ ಅನ್ನುವ ಪರಾವಲಂಬಿ ಇರುವ ಸಾಧ್ಯತೆಯೂ ಉಂಟು. ಅದೂ ಮಗುವಿಗೆ ಒಳ್ಳೆಯದಲ್ಲ. ನೆಲಕ್ಕೆ ತಾಗಿ ಬೆಳೆಯುವ ಸ್ಟ್ರಾಬೆರಿಯಂಥ ಹಣ್ಣನ್ನು ಇನ್ನೂ ಜಾಸ್ತಿ ಎಚ್ಚರದಿಂದ ತೊಳೆಯಿರಿ.

ಕತ್ತರಿಸಿದ ಮೇಲೆ ಗಡಿಯಾರ ಶುರು. ಆಗಲೇ ತಿನ್ನುವುದು ಎಲ್ಲಕ್ಕಿಂತ ಒಳ್ಳೆಯದು. ಉಳಿದದ್ದನ್ನು ಮುಚ್ಚಳದ ಡಬ್ಬದಲ್ಲಿ ಹಾಕಿ ಕೂಡಲೇ ಫ್ರಿಜ್ಜಿಗೆ ಸೇರಿಸಿ. ಫ್ರಿಜ್ಜಿನ ತಣ್ಣನೆ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಹೊರಗೆ ಎರಡು ಗಂಟೆ ದಾಟಿದ ಹೋಳು ಬೇಡ, 32 ಡಿಗ್ರಿ ಮೀರಿದ ಸೆಖೆಯಿದ್ದರೆ ಒಂದೇ ಗಂಟೆ. ಲಿಸ್ಟೀರಿಯಾ ಫ್ರಿಜ್ಜಿನಲ್ಲೂ ಬೆಳೆಯುವುದರಿಂದ ಒಳಗಿಟ್ಟ ಹೋಳನ್ನೂ ಮರುದಿನದೊಳಗೆ ಮುಗಿಸಿಬಿಡಿ. ಹೊರಗೆ ಹೋದಾಗ ಮೊದಲೇ ಕತ್ತರಿಸಿ ಇಟ್ಟಿರುವ ಹಣ್ಣಿಗೆ ಕೈ ಹಾಕಬೇಡಿ. ಎಷ್ಟೇ ಆಸೆಯಾದರೂ ಇಡೀ ಹಣ್ಣು ಕೊಂಡು, ಮನೆಗೆ ತಂದು, ತೊಳೆದು ತಿನ್ನಿ. ಬ್ಯಾಗಿನಲ್ಲಿ ಒಂದು ಬಾಳೆಹಣ್ಣೋ ತೊಳೆದ ಸೇಬೋ ಇದ್ದರೆ ಈ ಆಸೆಯನ್ನು ಗೆಲ್ಲುವುದು ಸುಲಭ.

ಹೆಜ್ಜೆ 4: ಅಗಿದು ತಿನ್ನಿ, ಕುಡಿಯಬೇಡಿ

ಒಂದು ದೊಡ್ಡ ಲೋಟ ಕಿತ್ತಳೆ ರಸಕ್ಕೆ ಮೂರು ಹಣ್ಣು ಬೇಕು. ಅದರಲ್ಲಿ 20 ಗ್ರಾಮಿಗೂ ಜಾಸ್ತಿ ಸಕ್ಕರೆ ಅಂಶ ಇರುತ್ತದೆ, ನಾರು ಹೆಚ್ಚುಕಡಿಮೆ ಇರುವುದೇ ಇಲ್ಲ. ಮೂರು ಕಿತ್ತಳೆ ಕೂತು ತಿನ್ನಲು ಹತ್ತು ನಿಮಿಷ ಬೇಕು, ಹೊಟ್ಟೆಯೂ ತುಂಬುತ್ತದೆ. ರಸ ಒಂದು ನಿಮಿಷದಲ್ಲಿ ಖಾಲಿ, ರಕ್ತದಲ್ಲಿ ಸಕ್ಕರೆ ಸರ್ರನೆ ಏರುತ್ತದೆ. ಆಸೆಯಾದರೆ ದಿನಕ್ಕೆ 150 ಮಿಲಿಲೀಟರ್, ಅದೂ ಊಟದ ಜೊತೆ, ಸಕ್ಕರೆ ಹಾಕದೆ. ಮನೆಯಲ್ಲೇ, ತೊಳೆದ ಹಣ್ಣಿನಿಂದ, ಆಗಲೇ ಹಿಂಡಿದ್ದಾಗಿರಲಿ. ಹೊರಗಡೆ ಕೊಳ್ಳುವುದಾದರೆ ಪಾಶ್ಚರೀಕರಿಸಿದ್ದು (ಬಿಸಿ ಮಾಡಿ ರೋಗಾಣು ಕೊಂದದ್ದು) ಅಂತ ಡಬ್ಬದ ಮೇಲೆ ಬರೆದಿದೆಯೇ ನೋಡಿ. ಹಾಗಿಲ್ಲದ ಜ್ಯೂಸ್ ಬಸುರಿಗೆ ಬೇಡವೇ ಬೇಡ.

ಹೆಜ್ಜೆ 5: ತೊಂದರೆಗೆ ತಕ್ಕ ಹಣ್ಣು ಆರಿಸಿಕೊಳ್ಳಿ

ಮೊದಲ ತಿಂಗಳುಗಳಲ್ಲಿ ವಾಕರಿಕೆ. ಹೊಟ್ಟೆ ಖಾಲಿ ಇದ್ದಷ್ಟೂ ಇದು ಜಾಸ್ತಿ. ಎರಡೆರಡು ಗಂಟೆಗೆ ಎರಡೆರಡು ತುತ್ತು ತಿನ್ನಿ. ಬಿಸಿ ಅಡುಗೆಯ ವಾಸನೆಯೇ ಆಗದವರಿಗೆ ತಣ್ಣನೆಯ ಹಣ್ಣು ಒಂದು ವರ. ಫ್ರಿಜ್ಜಿನಿಂದ ತೆಗೆದ ಸೇಬಿನ ಹೋಳು, ಕಲ್ಲಂಗಡಿ, ಒಂದೆರಡು ತೊಳೆ ಮೂಸಂಬಿ ಇವಕ್ಕೆ ವಾಸನೆ ಕಡಿಮೆ, ಗಂಟಲಲ್ಲಿ ಇಳಿಯುತ್ತವೆ. ಕಲ್ಲಂಗಡಿಯಲ್ಲಿ ನೂರಕ್ಕೆ 90 ಪಾಲಿಗೂ ಜಾಸ್ತಿ ನೀರೇ ಇರುವುದರಿಂದ ವಾಂತಿಯಲ್ಲಿ ಕಳೆದುಕೊಂಡ ನೀರೂ ಸ್ವಲ್ಪ ವಾಪಸ್ ಬರುತ್ತದೆ. ಆದರೆ ಇಡೀ ದಿನ ನೀರೂ ನಿಲ್ಲದಿದ್ದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಹಣ್ಣನ್ನು ನಂಬಿ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ವಾಂತಿ ಆದ ಕೂಡಲೇ ಹಲ್ಲುಜ್ಜಬೇಡಿ. ಹೊಟ್ಟೆಯ ಆಮ್ಲ ತಾಗಿದ ಹಲ್ಲಿನ ಮೇಲ್ಪದರ ಆಗ ಮೆತ್ತಗಾಗಿರುತ್ತದೆ, ಉಜ್ಜಿದರೆ ಸವೆಯುತ್ತದೆ. ನೀರಿನಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಉಜ್ಜಿ. ಹುಳಿ ಹಣ್ಣು ತಿಂದ ಮೇಲೂ ಹೀಗೇ ಮಾಡಿ.

ಮಲಬದ್ಧತೆ ಎಷ್ಟೋ ಬಸುರಿಯರಿಗೆ ಬರುತ್ತದೆ. ಬಸಿರಿನ ಹಾರ್ಮೋನು ಕರುಳಿನ ಚಲನೆ ನಿಧಾನ ಮಾಡುತ್ತದೆ, ಕಬ್ಬಿಣದ ಮಾತ್ರೆ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಎಷ್ಟೋ ಜನ ಇದೇ ಕಾರಣಕ್ಕೆ ಮಾತ್ರೆ ಬಿಟ್ಟುಬಿಡುತ್ತಾರೆ, ಅದಕ್ಕಾಗಿಯೇ ಹೇಳುತ್ತಿದ್ದೇನೆ. ದಿನಕ್ಕೆ ಸುಮಾರು 28 ಗ್ರಾಂ ನಾರು ಬೇಕು. ಸಿಪ್ಪೆ ಸಮೇತ ಒಂದು ಸೇಬಿನಲ್ಲಿ 4 ಗ್ರಾಂ, ಒಂದು ಮರಸೇಬಿನಲ್ಲಿ (ಪೇರ್) 5 ಗ್ರಾಮಿಗೂ ಜಾಸ್ತಿ, 100 ಗ್ರಾಂ ಸೀಬೆಯಲ್ಲಿ ಸುಮಾರು 5 ಗ್ರಾಂ. ಸಿಪ್ಪೆ ತೆಗೆದರೆ ನಾರು ಕಡಿಮೆಯಾಗುತ್ತದೆ. ರಾತ್ರಿ ನಾಲ್ಕೈದು ಒಣ ಪ್ಲಮ್ ಅಥವಾ ಒಣ ಅಂಜೂರ ನೆನೆಸಿಟ್ಟು ಬೆಳಿಗ್ಗೆ ನೀರಿನ ಸಮೇತ ತೆಗೆದುಕೊಳ್ಳಿ. ಪ್ಲಮ್‌ನಲ್ಲಿ ಸಾರ್ಬಿಟಾಲ್ ಇದೆ, ಅದು ಕರುಳಿಗೆ ನೀರೆಳೆದು ಮಲವನ್ನು ಮೆತ್ತಗೆ ಮಾಡುತ್ತದೆ. ನಾರು ಜಾಸ್ತಿ ಮಾಡಿದರೆ ನೀರನ್ನೂ ಜಾಸ್ತಿ ಕುಡಿಯಲೇಬೇಕು. ಇಲ್ಲದಿದ್ದರೆ ಹೊಟ್ಟೆ ಇನ್ನೂ ಗಟ್ಟಿಯಾಗುತ್ತದೆ.

ಕೊನೆಯ ತಿಂಗಳುಗಳಲ್ಲಿ ಎದೆಯುರಿ. ಕಿತ್ತಳೆ, ಅನಾನಸ್, ಹುಳಿ ದ್ರಾಕ್ಷಿ ಇದನ್ನು ಕೆದಕುತ್ತವೆ. ಅವನ್ನು ಪೂರ್ತಿ ಬಿಡಬೇಕಿಲ್ಲ, ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಸಂಜೆಯ ನಂತರ ಬಾಳೆಹಣ್ಣು, ಮರಸೇಬು, ಕರಬೂಜ ಹಿತ. ಮಲಗುವ ಮುಂಚೆ ಎರಡು ಮೂರು ಗಂಟೆ ಏನೂ ತಿನ್ನದಿದ್ದರೆ ಇನ್ನೂ ಒಳ್ಳೆಯದು.

ಹೆಜ್ಜೆ 6: ಹೆದರಿಸುವ ಹಣ್ಣುಗಳ ಕಥೆ ಏನು?

ತಿಂದರೆ ಗರ್ಭ ಹೋಗುತ್ತದೆ ಅಂತ ಹೆದರಿಸುವ ಪಪ್ಪಾಯದಿಂದ ಶುರು ಮಾಡೋಣ. ಇದರ ಕಾಯಿ ಮತ್ತು ಮಾಗಿದ ಹಣ್ಣು ಎರಡು ಬೇರೆ ಬೇರೆ ವಸ್ತುಗಳು ಅಂತಲೇ ತಿಳಿಯಿರಿ. ಕಾಯಿಗೆ ಗೀರಿದರೆ ಬಿಳಿ ಹಾಲು ಒಸರುತ್ತದೆ. ಆ ಹಾಲಿನಲ್ಲಿ ಪಪೈನ್ ಮುಂತಾದ ಕಿಣ್ವಗಳಿವೆ (ಎಂಜೈಮ್). 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಲಿಗಳ ಗರ್ಭಕೋಶದ ಮೇಲೆ ಎರಡನ್ನೂ ಪರೀಕ್ಷಿಸಿದರು. ಕಾಯಿಯ ಹಾಲು ಗರ್ಭಕೋಶವನ್ನು ಸಂಕುಚಿಸುವಂತೆ ಮಾಡಿತು, ಮಾಗಿದ ಹಣ್ಣಿನ ರಸ ಹಾಗೆ ಮಾಡಲಿಲ್ಲ. ಕಾಯಿ ಮಾಗುತ್ತಾ ಹೋದಂತೆ ಹಾಲು ಕಡಿಮೆಯಾಗುತ್ತದೆ. ಹಾಗಾಗಿ ಹಸಿರು ಕಾಯಿ, ಅರೆಮಾಗಿದ ಕಾಯಿ, ಅದರ ಪಲ್ಯ, ಸಲಾಡ್ ಯಾವುದೂ ಬಸಿರಿನಲ್ಲಿ ಬೇಡ. ಸಿಪ್ಪೆ ಪೂರ್ತಿ ಹಳದಿಯಾಗಿ, ಬೆರಳಿನಿಂದ ಒತ್ತಿದರೆ ಮೆತ್ತಗಿರುವ, ಹಾಲು ಒಸರದ ಹಣ್ಣಿನ ಒಂದೆರಡು ಹೋಳು ತಿಂದರೆ ಭಯ ಪಡುವ ಕಾರಣವಿಲ್ಲ. ಅಷ್ಟು ಹೇಳಿದರೂ ಮನಸ್ಸು ಒಪ್ಪದಿದ್ದರೆ ಬಿಡಿ. ಮಾವಿನಲ್ಲಿ, ಕಿತ್ತಳೆಯಲ್ಲಿ ಅವೇ ಅಂಶಗಳು ಸಿಗುತ್ತವೆ. ಗೊತ್ತಿಲ್ಲದೆ ಹಣ್ಣು ತಿಂದುಬಿಟ್ಟೆ ಅಂತ ರಾತ್ರಿಯೆಲ್ಲ ಅಳುತ್ತಾ ಕೂರುವುದು ಮಾತ್ರ ಖಂಡಿತ ಬೇಡ.

ಅನಾನಸ್‌ನಲ್ಲಿ ಗರ್ಭಕ್ಕೆ ತೊಂದರೆ ಕೊಡುತ್ತದೆ ಅಂತ ಹೆದರಿಸುವ ಬ್ರೊಮೆಲೈನ್ ಅನ್ನುವ ಕಿಣ್ವ ಇದೆ ಅನ್ನುವುದು ನಿಜ. ಆದರೆ ಅದು ಜಾಸ್ತಿ ಇರುವುದು ಗಿಡದ ಕಾಂಡದಲ್ಲಿ. ನಾವು ತಿನ್ನುವ ತಿರುಳಿನಲ್ಲಿ ಇರುವುದು ಸ್ವಲ್ಪ, ಅದರಲ್ಲೂ ಬಹಳಷ್ಟು ಹೊಟ್ಟೆಯಲ್ಲೇ ಒಡೆದುಹೋಗುತ್ತದೆ. ಊಟದ ಪ್ರಮಾಣದಲ್ಲಿ ಅನಾನಸ್ ತಿಂದು ಗರ್ಭ ಹೋಗುತ್ತದೆ ಅನ್ನಲು ಆಧಾರವಿಲ್ಲ. ಎರಡು ಮೂರು ಹೋಳು ತಿನ್ನಬಹುದು. ನಾಲಿಗೆ ಉರಿ, ಎದೆಯುರಿ ಬಂದರೆ ಅಲ್ಲಿಗೆ ನಿಲ್ಲಿಸಿ. ಬ್ರೊಮೆಲೈನ್ ಮಾತ್ರೆ ಬೇರೆ ವಿಷಯ, ಅದನ್ನು ತೆಗೆದುಕೊಳ್ಳಬೇಡಿ.

ದ್ರಾಕ್ಷಿ ತಿನ್ನಬಹುದು. ಚೆನ್ನಾಗಿ ತೊಳೆದು, ಒಂದು ಹಿಡಿ.

ಖರ್ಜೂರದ ಬಗ್ಗೆ ಕುತೂಹಲದ ವಿಷಯ ಒಂದಿದೆ. 2011ರಲ್ಲಿ ಜೋರ್ಡಾನ್‌ನಿಂದ ಬಂದ ಒಂದು ಸಣ್ಣ ಅಧ್ಯಯನದಲ್ಲಿ, ಹೆರಿಗೆಯ ದಿನಕ್ಕೆ ನಾಲ್ಕು ವಾರ ಮುಂಚಿನಿಂದ ದಿನಾ ಆರು ಖರ್ಜೂರ ತಿಂದ ಮಹಿಳೆಯರು ಆಸ್ಪತ್ರೆಗೆ ಬರುವಾಗ ಅವರ ಗರ್ಭಕೊರಳು ಹೆಚ್ಚು ತೆರೆದುಕೊಂಡಿತ್ತು, ಔಷಧಿ ಕೊಟ್ಟು ನೋವು ಬರಿಸಬೇಕಾದ ಪ್ರಸಂಗವೂ ಕಡಿಮೆಯಿತ್ತು. ಸಣ್ಣ ಅಧ್ಯಯನವಾದ್ದರಿಂದ ಇದನ್ನು ಖಾತ್ರಿ ಅಂತ ಹಿಡಿಯಬೇಡಿ. ಸಕ್ಕರೆ ತೊಂದರೆ ಇಲ್ಲದವರು ಕೊನೆಯ ತಿಂಗಳಲ್ಲಿ ತಿಂದು ನೋಡಬಹುದು. ಸಕ್ಕರೆ ಇರುವವರಿಗೆ ಆರು ಖರ್ಜೂರ ತುಂಬಾ ಜಾಸ್ತಿಯಾಯಿತು.

ಹಣ್ಣಿನ ಬಣ್ಣಕ್ಕೂ ಹುಟ್ಟುವ ಮಗುವಿನ ಮೈಬಣ್ಣಕ್ಕೂ ಯಾವ ಸಂಬಂಧವೂ ಇಲ್ಲ. ಮಗುವಿನ ರುಚಿಗೆ ಮಾತ್ರ ಸಂಬಂಧ ಇರಬಹುದು. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೊನೆಯ ಮೂರು ತಿಂಗಳು ತಾಯಿ ಕ್ಯಾರೆಟ್ ರಸ ಕುಡಿದಿದ್ದರೆ ಆ ಮಗು ಮುಂದೆ ಕ್ಯಾರೆಟ್ ರುಚಿಯ ಆಹಾರವನ್ನು ಮುಖ ಸಿಂಡರಿಸದೆ ತಿಂದಿತು. ತಾಯಿ ತಿಂದದ್ದರ ರುಚಿ ಗರ್ಭದ ನೀರಿಗೂ ಇಳಿಯುತ್ತದೆ, ಮಗು ಅದನ್ನು ನುಂಗುತ್ತಾ ಇರುತ್ತದೆ. ಹಣ್ಣು ತಿನ್ನಲು ಇಷ್ಟು ಚೆಂದದ ಕಾರಣ ನನಗೆ ಬೇರೆ ಗೊತ್ತಿಲ್ಲ.

ಹೆಜ್ಜೆ 7: ಸಕ್ಕರೆ ಇದೆ ಅಂದರೆ

ಸಾಮಾನ್ಯವಾಗಿ 24ರಿಂದ 28ನೇ ವಾರದೊಳಗೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷೆ ಮಾಡುತ್ತಾರೆ. ಬಸಿರಿನ ಸಕ್ಕರೆ ಕಾಯಿಲೆ ಅಂತ ಗೊತ್ತಾದ ಕೂಡಲೇ ಹೆಚ್ಚಿನವರು ಮೊದಲು ಬಿಡುವುದು ಹಣ್ಣನ್ನು. ಬಿಡಬೇಕಿಲ್ಲ, ಹಂಚಿಕೊಳ್ಳಬೇಕು. ಒಂದು ಸಲಕ್ಕೆ ಒಂದೇ ಪಾಲು, ಎರಡು ಪಾಲಿನ ನಡುವೆ ಕೆಲವು ಗಂಟೆ ಅಂತರ. ಬರೀ ಹಣ್ಣು ತಿನ್ನುವ ಬದಲು ಜೊತೆಗೆ ಒಂದು ಹಿಡಿ ಕಡಲೆಬೀಜ, ಬಾದಾಮಿ ಅಥವಾ ಮೊಸರು ಇರಲಿ. ಆಗ ಸಕ್ಕರೆ ನಿಧಾನವಾಗಿ ಏರುತ್ತದೆ. ಸೇಬು, ಸೀಬೆ, ಮರಸೇಬು, ಕಿತ್ತಳೆ, ಬೆರಿ ಹಣ್ಣುಗಳು ಅನುಕೂಲ. ತುಂಬಾ ಕಳಿತ ಬಾಳೆಹಣ್ಣು, ಖರ್ಜೂರ, ದೊಡ್ಡ ಮಾವಿನಹಣ್ಣು ಎಚ್ಚರ. ಜ್ಯೂಸ್ ಪೂರ್ತಿ ಬಂದ್.

ಬೆಳಿಗ್ಗೆ ಹೊತ್ತು ಕೆಲವರಿಗೆ ಸಕ್ಕರೆ ಬೇಗ ಏರುತ್ತದೆ. ಅಂಥವರು ತಿಂಡಿಯ ಜೊತೆ ಹಣ್ಣು ಬಿಟ್ಟು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಲಿ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಇದನ್ನು ನೀವೇ ಕಂಡುಕೊಳ್ಳಬಹುದು. ತಿಂದ ಒಂದು ಗಂಟೆಗೆ ರಕ್ತದ ಸಕ್ಕರೆ 140ರ (mg/dL) ಒಳಗೆ, ಎರಡು ಗಂಟೆಗೆ 120ರ ಒಳಗೆ ಇರಬೇಕು ಅನ್ನುವುದು ಸಾಮಾನ್ಯ ಗುರಿ. ಯಾವ ಹಣ್ಣು, ಎಷ್ಟು, ಆಮೇಲೆ ಅಂಕಿ ಎಷ್ಟು ಬಂತು ಅಂತ ಒಂದು ಪುಸ್ತಕದಲ್ಲಿ ಬರೆಯುತ್ತಾ ಹೋಗಿ. ಒಂದು ವಾರದಲ್ಲಿ ನಿಮಗೆ ಯಾವ ಹಣ್ಣು ಒಗ್ಗುತ್ತದೆ ಅನ್ನುವುದು ಸ್ಪಷ್ಟವಾಗುತ್ತದೆ. ವೈದ್ಯರಿಗೂ ಆ ಪುಸ್ತಕ ತುಂಬಾ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 8: ವೈದ್ಯರಿಗೆ ಹೇಳಬೇಕಾದದ್ದು

ರಕ್ತದೊತ್ತಡಕ್ಕೋ ಅವಧಿಗೆ ಮುಂಚಿನ ನೋವು ತಡೆಯಲೋ ನಿಫೆಡಿಪಿನ್ ಮಾತ್ರೆ ಕೊಟ್ಟಿದ್ದರೆ ಕಿತ್ತಳೆ ಜಾತಿಯ ಹಣ್ಣಾದ ಗ್ರೇಪ್‌ಫ್ರೂಟ್ ತಿನ್ನಬೇಡಿ. ಅದು ರಕ್ತದಲ್ಲಿ ಔಷಧಿಯ ಮಟ್ಟ ಏರಿಸುತ್ತದೆ. ಚಕ್ಕೋತವೂ ಅದೇ ಜಾತಿಯದು, ಕೇಳಿಕೊಂಡು ತಿನ್ನಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಕಮರಾಕ್ಷಿ (ಸ್ಟಾರ್ ಫ್ರೂಟ್) ವಿಷದಷ್ಟೇ ಅಪಾಯಕಾರಿ. ಬಾಳೆಹಣ್ಣಿನಂಥ ಪೊಟ್ಯಾಸಿಯಂ ಜಾಸ್ತಿ ಇರುವ ಹಣ್ಣನ್ನೂ ಅವರು ಕೇಳಿಯೇ ತಿನ್ನಬೇಕು.

ಬಾಳೆಹಣ್ಣು, ಕಿವಿ ಹಣ್ಣು ಅಥವಾ ಬೆಣ್ಣೆಹಣ್ಣು ತಿಂದಾಗ ತುಟಿ, ಗಂಟಲು ತುರಿಸುತ್ತದೆಯೇ? ಹಾಗಿದ್ದರೆ ನಿಮಗೆ ರಬ್ಬರ್ ಹಾಲಿನ ಅಲರ್ಜಿಯೂ ಇರಬಹುದು. ಹೆರಿಗೆ ಕೋಣೆಯಲ್ಲಿ ಬಳಸುವ ಕೈಗವಸು ಅದರಿಂದ ಮಾಡಿದ್ದಾಗಿರಬಹುದು. ಆದ್ದರಿಂದ ಈ ತುರಿಕೆಯನ್ನು ಚಿಕ್ಕ ವಿಷಯ ಅಂತ ಬಿಡದೆ ಮುಂದಿನ ಭೇಟಿಯಲ್ಲೇ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಕೊನೆಯದಾಗಿ ಜ್ವರ. ಬಸಿರಿನಲ್ಲಿ ಜ್ವರ, ಚಳಿ, ಮೈಕೈ ನೋವು ಬಂದರೆ ನೆಗಡಿ ಅಂತ ಮನೆಯಲ್ಲೇ ಕಾಯಬೇಡಿ. ಲಿಸ್ಟೀರಿಯಾ ತಿಂದ ಮರುದಿನವೇ ತೋರಬೇಕು ಅಂತಿಲ್ಲ, ಕೆಲವೊಮ್ಮೆ ವಾರಗಳ ನಂತರ ಕಾಣಿಸಿಕೊಳ್ಳುತ್ತದೆ. ಕತ್ತರಿಸಿಟ್ಟ ಹಣ್ಣು, ಪಾಶ್ಚರೀಕರಿಸದ ಜ್ಯೂಸ್ ಅಥವಾ ಕಾಯಿಸದ ಹಾಲು ಸೇವಿಸಿದ ನೆನಪಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ರಕ್ತ ಪರೀಕ್ಷೆಯಿಂದ ಇದನ್ನು ಪತ್ತೆ ಮಾಡಬಹುದು. ಬೇಗ ಆ್ಯಂಟಿಬಯಾಟಿಕ್ ಶುರು ಮಾಡಿದರೆ ಸೋಂಕು ಮಗುವಿಗೆ ದಾಟದಂತೆ ತಡೆಯಲು ಆಗುತ್ತದೆ.